ದೊಡ್ಡ ಸ್ಕೂಟರ್ ಕೊಳ್ಳುವ ಮುಂಚೆ: ಮೈಸೂರು–ಮಂಡ್ಯದ ರಸ್ತೆಗೆ ಯಾವುದು ಆರಾಮ, ಯಾಕೆ ಆರಾಮ?

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಿಗೆ ಬೈಕು, ಸ್ಕೂಟರ್, ಆಟೊ, ಟ್ರ್ಯಾಕ್ಟರ್ ಹತ್ತುವಂತಿಲ್ಲ. ಮೈಸೂರಿನಲ್ಲಿ ಮನೆ ಮಾಡಿಕೊಂಡು ಮಂಡ್ಯದ ಕಚೇರಿಗೋ ಕಾಲೇಜಿಗೋ ಹೋಗಿಬರುವವರು, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯಿಂದ ಮೈಸೂರಿನ ಹೆಬ್ಬಾಳ, ಮೇಟಗಳ್ಳಿಯ ಕಾರ್ಖಾನೆಗಳಿಗೆ ಬರುವವರು ಎಲ್ಲರೂ ಸರ್ವಿಸ್ ರಸ್ತೆಯನ್ನೋ ಊರೊಳಗಿನ ಹಳೆಯ ರಸ್ತೆಯನ್ನೋ ಹಿಡಿಯಬೇಕು. ಮೈಸೂರಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. ಹೋಗಿ ಬಂದರೆ 90. ದಿನವೂ ಇಷ್ಟು ದೂರವನ್ನು ಹಂಪು, ಗುಂಡಿಗಳ ಮೇಲೆ ಓಡಿಸುವವರಿಗೆ ಸೊಂಟ ನೋವು ಹೊಸ ಸುದ್ದಿಯಲ್ಲ.

ಈ ಹೊತ್ತಿಗೆ ಸರಿಯಾಗಿ ಷೋರೂಂಗಳಲ್ಲಿ ದೊಡ್ಡ ಮೈಯ ಸ್ಕೂಟರ್‌ಗಳು ಸಾಲುಗಟ್ಟಿವೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ, ‘ಆಕ್ಟಿವಾ ಬದಲು ಸ್ವಲ್ಪ ದೊಡ್ಡದೇ ತಗೊಳ್ಳೋಣ’ ಎಂಬ ಮಾತು ಮನೆಮನೆಯಲ್ಲಿ ಬಂದಿದೆ. ಆದರೆ ದೊಡ್ಡದಾಗಿ ಕಾಣುವ ಗಾಡಿ ಆರಾಮವಾಗಿಯೂ ಇರುತ್ತದೆ ಎಂದು ಹೇಳಲಾಗದು. ಆರಾಮ ಎಲ್ಲಿಂದ ಬರುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎಂದು ತಿಳಿದಿದ್ದರೆ ಲಕ್ಷಕ್ಕೂ ಮೀರಿದ ಹಣ ಕೊಡುವಾಗ ಕೈ ತಪ್ಪುವುದಿಲ್ಲ.

ಏನು ದೊಡ್ಡದು?

ಅಗಲವಾದ ಮುಂಭಾಗ, ಗಾಳಿ ತಡೆಯುವ ಗಾಜು, ಕಾಲು ಮುಂದಕ್ಕೆ ಚಾಚಿ ಕೂರುವ ಜಾಗ, ಉದ್ದನೆಯ ಸೀಟು ಇರುವ ಗಾಡಿಗಳನ್ನು ‘ಮ್ಯಾಕ್ಸಿ ಸ್ಕೂಟರ್’ ಎನ್ನುತ್ತಾರೆ. 1995ರಲ್ಲಿ ಬಂದ ಯಮಹಾ ಮೆಜೆಸ್ಟಿ 250, 1998ರ ಸುಜುಕಿ ಬರ್ಗ್‌ಮನ್ 400, 2001ರ ಯಮಹಾ ಟಿ-ಮ್ಯಾಕ್ಸ್ ಇವು ಈ ಬಗೆಯ ಗಾಡಿಗೆ ಹೊರದೇಶಗಳಲ್ಲಿ ಹೆಸರು ತಂದವು. ಅವುಗಳಲ್ಲಿ ಮೈ ದೊಡ್ಡದು, ಎಂಜಿನ್ ದೊಡ್ಡದು, ಗಾಲಿಯೂ ಆಗಿನ ಮಾಮೂಲಿ ಸ್ಕೂಟರ್‌ಗಳಿಗಿಂತ ದೊಡ್ಡದು.

ನಮ್ಮಲ್ಲಿ ಕತೆ ಬೇರೆಯಾಯಿತು. 2018ರಲ್ಲಿ ಬಂದ ಸುಜುಕಿ ಬರ್ಗ್‌ಮನ್ ಸ್ಟ್ರೀಟ್ ನೋಡಲು ಆಜಾನುಬಾಹು. ಅದರೊಳಗಿನ ಎಂಜಿನ್ ಮಾತ್ರ ಆಕ್ಸೆಸ್ ಗಾಡಿಯ 125 ಸಿಸಿ ಎಂಜಿನ್ನೇ. ಮುಂದೆ 12 ಇಂಚು, ಹಿಂದೆ 10 ಇಂಚಿನ ಗಾಲಿ. ಎರಡು ಚಕ್ರಗಳ ನಡುವಿನ ಅಂತರ 1,265 ಮಿಲಿಮೀಟರ್. ಆಕ್ಟಿವಾದಲ್ಲಿ ಅದು 1,260. ಅಂದರೆ ನೆಲದ ಜೊತೆ ಮಾತಾಡುವ ಭಾಗಗಳಲ್ಲಿ ಈ ಗಾಡಿ ಮಾಮೂಲಿ ಸ್ಕೂಟರೇ. ಹೆಚ್ಚಾಗಿರುವುದು ಕೂರುವ ಜಾಗ, ಕಾಲಿಡುವ ಜಾಗ, ಗಾಳಿಯಿಂದ ಸಿಗುವ ಮರೆ. ಇವೂ ಬೇಕಾದವೇ, ಬೇಡವೆಂದಲ್ಲ. ಊರೊಳಗೇ ಓಡಾಡುವವರಿಗೆ ಇಷ್ಟು ಸಾಕಾಗಲೂಬಹುದು. ಆದರೆ ಗುಂಡಿಯ ಏಟು ಇದರಿಂದ ಕಡಿಮೆಯಾಗುತ್ತದೆ ಎಂದುಕೊಂಡು ಕೊಂಡರೆ ನಿರಾಸೆ ಖಂಡಿತ.

2021ರ ಯಮಹಾ ಏರಾಕ್ಸ್ 155, 2025ರ ಹೀರೊ ಝೂಮ್ 160 ಇನ್ನೊಂದು ಬಗೆಯವು. ಇವುಗಳ ಎಂಜಿನ್ ದೊಡ್ಡದು, ಅದನ್ನು ತಂಪಾಗಿಡಲು ನೀರಿನ ವ್ಯವಸ್ಥೆ ಇದೆ, ಗಾಲಿ ಎರಡೂ ಕಡೆ 14 ಇಂಚು. ಇವೆರಡು ಬಗೆಗಳ ನಡುವೆ 2025ರಲ್ಲೇ ಬಂದ ಟಿವಿಎಸ್ ಎನ್‌ಟಾರ್ಕ್ 150 ಇದೆ: ಎಂಜಿನ್ ಜೋರು, ಗಾಲಿ 12 ಇಂಚು. ಇದಕ್ಕೂ ಮೇಲೆ ಬಿಎಂಡಬ್ಲ್ಯು ಸಿ 400 ಜಿಟಿಯಂಥ 350 ಸಿಸಿ ಗಾಡಿಗಳಿವೆ. 2021ರಲ್ಲಿ ಬಂದಾಗಲೇ ಅದರ ಬೆಲೆ ಹತ್ತು ಲಕ್ಷದ ಹತ್ತಿರ ಇತ್ತು, ಆದ್ದರಿಂದ ದಿನಾ ಕೆಲಸಕ್ಕೆ ಹೋಗುವವರ ಲೆಕ್ಕಕ್ಕೆ ಅದು ಬರುವುದಿಲ್ಲ.

ಹಾಗಾಗಿ ಷೋರೂಂನಲ್ಲಿ ‘ದೊಡ್ಡ ಗಾಡಿ ಸಾರ್’ ಎಂದರೆ, ಮೈ ದೊಡ್ಡದೋ, ಎಂಜಿನ್ ದೊಡ್ಡದೋ, ಗಾಲಿ ದೊಡ್ಡದೋ ಎಂದು ಬಿಡಿಸಿ ಕೇಳಬೇಕು. ನಮ್ಮ ರಸ್ತೆಗಳಿಗೆ ಮೊದಲು ನೋಡಬೇಕಾದದ್ದು ಗಾಲಿ.

ಗಾಲಿಯ ಲೆಕ್ಕ

ಮಂಡ್ಯ ಸೀಮೆಯ ಹಳೆಯ ಎತ್ತಿನಗಾಡಿ ನೆನಪಿಸಿಕೊಳ್ಳಿ. ಅದರ ಗಾಲಿ ಎದೆಮಟ್ಟಕ್ಕೆ ಬರುತ್ತಿತ್ತು. ಗದ್ದೆಯ ಬದು, ಹಳ್ಳದ ಕಲ್ಲು, ಮಳೆಗಾಲದ ಕೊರಕಲು ಎಲ್ಲವನ್ನೂ ಅದು ಹತ್ತಿ ಇಳಿಯುತ್ತಿತ್ತು. ಮಕ್ಕಳು ಎಳೆದಾಡುವ ಪುಟ್ಟ ಗಾಡಿ ಮನೆಯ ಹೊಸಿಲಿಗೇ ನಿಂತುಬಿಡುತ್ತದೆ. ಸ್ಕೂಟರಿಗೂ ಇದೇ ನಿಯಮ. ಗಾಲಿ ಚಿಕ್ಕದಾದಷ್ಟೂ ಗುಂಡಿಯೊಳಕ್ಕೆ ಆಳವಾಗಿ ಇಳಿಯುತ್ತದೆ, ಆಚೆ ಅಂಚಿಗೆ ಹೆಚ್ಚು ನೆಟ್ಟಗೆ ಗುದ್ದುತ್ತದೆ. ಗಾಲಿ ದೊಡ್ಡದಾದರೆ ಅದೇ ಗುಂಡಿಯ ಎರಡೂ ಅಂಚನ್ನು ಸವರಿಕೊಂಡು ದಾಟುತ್ತದೆ, ಒಳಕ್ಕೆ ಇಳಿಯುವುದು ಕಡಿಮೆ.

ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅಂಕಿಗಳಿಂದ ಗಾಲಿಯ ಎತ್ತರವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. 90/100-10 ಎಂದು ಇದ್ದರೆ, ಟೈರಿನ ಅಗಲ 90 ಮಿಲಿಮೀಟರ್. ಪಕ್ಕೆಯ ಎತ್ತರ ಆ ಅಗಲದ ಶೇ 100, ಅಂದರೆ ಅದೂ 90. ಒಳಗಿನ ರಿಮ್ 10 ಇಂಚು, ಅಂದರೆ 254 ಮಿಲಿಮೀಟರ್. ಮೇಲೊಂದು ಪಕ್ಕೆ, ಕೆಳಗೊಂದು ಪಕ್ಕೆ ಸೇರಿಸಿದರೆ ಗಾಲಿಯ ಪೂರ್ತಿ ಎತ್ತರ 434 ಮಿಲಿಮೀಟರ್. ಆಕ್ಟಿವಾ, ಬರ್ಗ್‌ಮನ್ ಸ್ಟ್ರೀಟ್‌ನಂಥ ಗಾಡಿಗಳ ಹಿಂಗಾಲಿ ಇದೇ. 90/90-12 ಅಳತೆಯ ಟೈರಾದರೆ 467 ಬರುತ್ತದೆ. ಏರಾಕ್ಸ್‌ನ ಹಿಂದಿನ 140/70-14 ಟೈರಿಗೆ ಇದೇ ಲೆಕ್ಕ ಹಾಕಿ: 552. ಮಾಮೂಲಿ ಸ್ಕೂಟರಿಗಿಂತ ಸುಮಾರು 12 ಸೆಂಟಿಮೀಟರ್ ಹೆಚ್ಚು. ನೋಟಕ್ಕೆ ಇದೇನೂ ಮಹಾ ಅನ್ನಿಸುವುದಿಲ್ಲ, ಸರ್ವಿಸ್ ರಸ್ತೆಯ ಮುರಿದ ಅಂಚಿನ ಮೇಲೆ ಗೊತ್ತಾಗುತ್ತದೆ.

ಬರ್ಗ್‌ಮನ್ ಸ್ಟ್ರೀಟ್‌ನ ಇಎಕ್ಸ್ ಮಾದರಿಯಲ್ಲಿ ಹಿಂಗಾಲಿಯೂ 12 ಇಂಚಿಗೆ ಏರಿತು. ಟಿವಿಎಸ್ ಜುಪಿಟರ್‌ಗೆ ಮೊದಲಿನಿಂದಲೂ ಎರಡೂ ಕಡೆ 12. ಹಿಂದೆ ಕೂರುವವರ ಭಾರವೆಲ್ಲ ಬೀಳುವುದು ಹಿಂಗಾಲಿಯ ಮೇಲೆ, ಆದ್ದರಿಂದ ದಂಪತಿಗಳು ಒಟ್ಟಿಗೆ ಓಡಾಡುವ ಮನೆಯಲ್ಲಿ ಹಿಂದಿನ 10 ಮತ್ತು 12ರ ವ್ಯತ್ಯಾಸವನ್ನು ಹೆಚ್ಚು ಅನುಭವಿಸುವವರು ಹಿಂದೆ ಕೂತವರು. ಗಾಡಿ ಆರಿಸುವಾಗ ಅವರ ಮಾತನ್ನೇ ಯಾರೂ ಕೇಳುವುದಿಲ್ಲ ಎಂಬುದು ನನ್ನ ನಿಜವಾದ ಬೇಸರ.

ಟೈರಿನ ಗಾಳಿಯೂ ಈ ಲೆಕ್ಕದಲ್ಲೇ ಸೇರಿದೆ. ಬಂಕಿನಲ್ಲಿ ಕೈಗೆ ಬಂದಷ್ಟು ಗಾಳಿ ಹೊಡೆಸಿದರೆ ಟೈರು ಕಲ್ಲಾಗುತ್ತದೆ, ಎಂಥ ಗಾಡಿಯೂ ಕುಕ್ಕುತ್ತದೆ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂದು ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಬರೆದಿರುತ್ತಾರೆ.

ದೊಡ್ಡ ಗಾಲಿಗೆ ಕೊಡಬೇಕಾದ ಬೆಲೆಯೂ ಇದೆ. ಅದು ಸೀಟಿನ ಕೆಳಗಿನ ಜಾಗವನ್ನು ತಿನ್ನುತ್ತದೆ, ಗಾಡಿಯನ್ನು ಉದ್ದ ಮಾಡುತ್ತದೆ. ಇನ್ನು ಏರಾಕ್ಸ್‌ನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ 145 ಮಿಲಿಮೀಟರ್. ಬರ್ಗ್‌ಮನ್ ಸ್ಟ್ರೀಟ್‌ನದು 160. ಊರಿನವರೇ ರಾತ್ರೋರಾತ್ರಿ ಹಾಕಿದ ಎತ್ತರದ ಹಂಪಿನ ಮೇಲೆ, ಅದರಲ್ಲೂ ಹಿಂದೆ ಒಬ್ಬರು ಕೂತಿದ್ದಾಗ, ಉದ್ದ ಗಾಡಿಯ ಹೊಟ್ಟೆ ತಾಗುವ ಸಂಭವ ಹೆಚ್ಚು.

ಏಟು ಬೆನ್ನಿಗೇ ಯಾಕೆ ಬರುತ್ತದೆ?

ಬೈಕಿನಲ್ಲಿ ಎಂಜಿನ್ನನ್ನು ಚೌಕಟ್ಟಿಗೆ ಬಿಗಿದಿರುತ್ತಾರೆ. ಗುಂಡಿ ಬಂದಾಗ ಮೇಲೆ ಕೆಳಗೆ ಆಡುವುದು ಚಕ್ರ ಮತ್ತು ಅದನ್ನು ಹಿಡಿದ ತೋಳು ಮಾತ್ರ. ನಮ್ಮ ಪೆಟ್ರೋಲ್ ಸ್ಕೂಟರ್‌ಗಳಲ್ಲಿ ಎಂಜಿನ್, ಬೆಲ್ಟಿನ ಪೆಟ್ಟಿಗೆ, ಹಿಂದಿನ ಚಕ್ರ ಮೂರೂ ಸೇರಿ ಒಂದೇ ತುಂಡು. ಗುಂಡಿ ಬಂದಾಗ ಆ ಇಡೀ ತುಂಡು ಎಗರುತ್ತದೆ. ಅಷ್ಟು ಭಾರದ ವಸ್ತುವನ್ನು ತಡೆದು ಹಿಡಿಯುವ ಕೆಲಸ ಶಾಕ್ ಅಬ್ಸಾರ್ಬರಿನದು. ಮಾಮೂಲಿ ಸ್ಕೂಟರ್‌ಗಳಲ್ಲಿ ಹಿಂದೆ ಒಂದೇ ಬದಿಗೆ ಒಂದೇ ಶಾಕ್ ಅಬ್ಸಾರ್ಬರ್ ಇರುತ್ತದೆ. ಏರಾಕ್ಸ್, ಝೂಮ್ 160ರಲ್ಲಿ ಎರಡು ಬದಿಗೆ ಎರಡು. ಎರಡಿದ್ದರೆ ಭಾರ ಹಂಚಿಹೋಗುತ್ತದೆ ನಿಜ, ಆದರೆ ಸ್ಪ್ರಿಂಗ್ ಗಟ್ಟಿಯಾಗಿದ್ದರೆ ಎರಡಿದ್ದೂ ಕುಕ್ಕುತ್ತದೆ. ಏರಾಕ್ಸ್‌ನ ಹಿಂಭಾಗ ಗಟ್ಟಿ ಎನ್ನುವವರು ಬಹಳ ಜನ. ಕಾಗದದ ಮೇಲಿನ ವಿವರ ಇಲ್ಲಿ ಸಾಲದು, ಕೂತು ಓಡಿಸಿಯೇ ನೋಡಬೇಕು. ಯಮಹಾ ಟಿ-ಮ್ಯಾಕ್ಸ್‌ನಲ್ಲಿ ಎಂಜಿನ್ನನ್ನು ಬೈಕಿನಂತೆ ಚೌಕಟ್ಟಿಗೇ ಬಿಗಿದಿದ್ದರು. ಅದು ಓಡಿಸಲು ಬೇರೆಯೇ ಅನ್ನಿಸಲು ಅದೂ ಒಂದು ಕಾರಣ.

ಇನ್ನೊಂದು ಕಾರಣ ನಾವು ಕೂರುವ ರೀತಿಯಲ್ಲೇ ಇದೆ. ಬೈಕಿನಲ್ಲಿ ಪಾದ ನಮ್ಮ ಸೊಂಟದ ಕೆಳಗೇ ಇರುತ್ತದೆ. ಹಂಪು ಕಂಡರೆ ಮೊಣಕಾಲಿಗೆ ಭಾರ ಕೊಟ್ಟು ತುಸು ಎದ್ದುಬಿಡಬಹುದು, ಏಟು ಕಾಲಿಗೆ ಹೋಗುತ್ತದೆ. ಮ್ಯಾಕ್ಸಿ ಸ್ಕೂಟರಿನಲ್ಲಿ ಕಾಲು ಚಾಚಿ ಕೂತಾಗ ಹತ್ತು ನಿಮಿಷ ಸಿಂಹಾಸನದಂತೆ ಇರುತ್ತದೆ, ಆದರೆ ಏಳಲು ಆಗುವುದಿಲ್ಲ. ಪ್ರತಿಯೊಂದು ಏಟೂ ನೇರ ಬಾಲದ ಮೂಳೆಗೆ, ಅಲ್ಲಿಂದ ಬೆನ್ನಿಗೆ. ಹಾಗಾಗಿ ಕಾಲನ್ನು ಎರಡು ರೀತಿಯಲ್ಲಿ, ಮುಂದಕ್ಕೆ ಚಾಚಿಯೂ ಕೆಳಕ್ಕೆ ಇಳಿಬಿಟ್ಟೂ, ಇಡಲು ಜಾಗವಿರುವ ಗಾಡಿ ದೂರದ ದಾರಿಗೆ ವಾಸಿ. ಕೂತ ಭಂಗಿ ಆಗಾಗ ಬದಲಿಸುವಂತಿರಬೇಕು.

ಮೆತ್ತಗಿನ ಸೀಟು ಎಂದರೆ ಆರಾಮ ಎಂದುಕೊಳ್ಳುವುದು ಸಹಜ. ಬೆರಳಲ್ಲಿ ಒತ್ತಿದರೆ ಪೂರ್ತಿ ಒಳಗೆ ಹೋಗುವ ಸೀಟಿನ ಸ್ಪಂಜು ಅರ್ಧ ಗಂಟೆಯಲ್ಲಿ ಅಪ್ಪಚ್ಚಿಯಾಗಿ, ಕೆಳಗಿನ ಪ್ಲಾಸ್ಟಿಕ್ ತಟ್ಟೆ ಕುಂಡೆಗೆ ಒತ್ತತೊಡಗುತ್ತದೆ. ಅಗಲವಾಗಿದ್ದು, ತುಸು ಬಿಗಿಯಾಗಿರುವ ಸೀಟೇ ಮಂಡ್ಯ ದಾಟಿ ಮದ್ದೂರಿನವರೆಗೆ ತಾಳುವುದು. ಸೀಟಿನ ಎತ್ತರದ ಅಂಕಿಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಬರ್ಗ್‌ಮನ್ ಸ್ಟ್ರೀಟ್ 780, ಏರಾಕ್ಸ್ 790 ಮಿಲಿಮೀಟರ್. ಒಂದೇ ಸೆಂಟಿಮೀಟರ್ ವ್ಯತ್ಯಾಸ. ಆದರೆ ಸೀಟು ಅಗಲವಾದಷ್ಟೂ ತೊಡೆ ಅಗಲಕ್ಕೆ ಹೋಗಿ, ಅಷ್ಟೇ ಎತ್ತರದಲ್ಲೂ ಕಾಲು ನೆಲಕ್ಕೆ ಎಟಕುವುದು ಕಡಿಮೆ. ಕುಳ್ಳಗಿರುವವರು ಎರಡೂ ಪಾದ ಊರಿ ಗಾಡಿಯನ್ನು ಹಿಂದಕ್ಕೆ ತಳ್ಳಿ ನೋಡಬೇಕು. ಆಕ್ಟಿವಾ ಸುಮಾರು 106 ಕೆ.ಜಿ., ಝೂಮ್ 160 ಸುಮಾರು 142 ಕೆ.ಜಿ. ದೇವರಾಜ ಮಾರುಕಟ್ಟೆಯ ಬಳಿ ನಾಲ್ಕು ಗಾಡಿಗಳ ನಡುವೆ ಸಿಕ್ಕಿಕೊಂಡಾಗ ಆ 36 ಕೆ.ಜಿ. ಕೈಗೆ ತಿಳಿಯುತ್ತದೆ.

ಎಂಜಿನ್ ಎಷ್ಟು ಬೇಕು?

110 ಸಿಸಿ ಆಕ್ಟಿವಾದ ಶಕ್ತಿ ಸುಮಾರು 8 ಅಶ್ವಶಕ್ತಿ, ಬರ್ಗ್‌ಮನ್ ಸ್ಟ್ರೀಟ್‌ನದು 9ರ ಹತ್ತಿರ, ಎನ್‌ಟಾರ್ಕ್ 150ರದು 13, ಏರಾಕ್ಸ್ ಮತ್ತು ಝೂಮ್ 160ರದು 15ರ ಆಸುಪಾಸು. ಈ ಹೆಚ್ಚಿನ ಶಕ್ತಿ ಎಲ್ಲಿ ಖರ್ಚಾಗುತ್ತದೆ ಎಂದು ಗೊತ್ತಿರಬೇಕು.

ಗಾಡಿಯನ್ನು ಹಿಂದಕ್ಕೆ ಎಳೆಯುವ ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ 80ಕ್ಕೆ ಹೋದರೆ ವೇಗ ಹೆಚ್ಚಿದ್ದು ಮೂರನೇ ಒಂದು ಭಾಗ, ಗಾಳಿಯ ತಡೆ ಹೆಚ್ಚಿದ್ದು ಸುಮಾರು 1.8 ಪಟ್ಟು. ಅದನ್ನು ಗೆಲ್ಲಲು ಬೇಕಾದ ಶಕ್ತಿ ಸುಮಾರು 2.4 ಪಟ್ಟು. ಹಾಗಾಗಿ 60ರಲ್ಲಿ ನಿರಾಳವಾಗಿ ಓಡುವ 125 ಸಿಸಿ ಗಾಡಿ 80ರಲ್ಲಿ ಏದುಸಿರು ಬಿಡುತ್ತದೆ. ಮುಂದಿನ ಲಾರಿಯನ್ನು ಹಿಂದಿಕ್ಕಲು ಅದರ ಹತ್ತಿರ ಉಳಿದಿರುವ ಕಸುವು ಕಡಿಮೆ. 15 ಅಶ್ವಶಕ್ತಿಯ ಗಾಡಿಗೆ ಆ ಹೊತ್ತಿಗೂ ಉಸಿರು ಇರುತ್ತದೆ.

ಈಗ ನಮ್ಮ ರಸ್ತೆ ನೋಡಿ. ಎಕ್ಸ್‌ಪ್ರೆಸ್‌ವೇ ನಮಗಿಲ್ಲ. ಸರ್ವಿಸ್ ರಸ್ತೆಯಲ್ಲಿ 80ರಲ್ಲಿ ಓಡಿಸುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಕಬ್ಬು ಅರೆಯುವ ಕಾಲದಲ್ಲಿ ತುಂಬಿದ ಟ್ರ್ಯಾಕ್ಟರ್‌ಗಳು, ಸುಗ್ಗಿಯಲ್ಲಿ ಒಕ್ಕಣೆಗೆಂದು ಟಾರಿನ ಮೇಲೇ ಹರಡಿದ ಹುರುಳಿ, ರಾಗಿ ಹುಲ್ಲು. ಆ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಯಾವ ಗಾಡಿಯೂ ಜಾರುತ್ತದೆ. ಮೈಸೂರು–ಮಂಡ್ಯ ಓಡಾಟಕ್ಕೆ 125 ಸಿಸಿ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ದೊಡ್ಡ ಎಂಜಿನ್ನಿಗೆ ಕೊಡುವ ಹಣವನ್ನು ಗಾಲಿಗೆ, ಒಳ್ಳೆಯ ಸೀಟಿಗೆ ಹಾಕಿದರೆ ದಿನವೂ ಉಪಯೋಗ.

ದೂರದ ದಾರಿಯ ಮಾತು ಬೇರೆ. ಮೈಸೂರಿಂದ ಮಡಿಕೇರಿಗೆ ಸುಮಾರು 120, ಊಟಿಗೆ ಸುಮಾರು 125 ಕಿಲೋಮೀಟರ್. ನಂಜನಗೂಡು, ಗುಂಡ್ಲುಪೇಟೆ ಕಡೆಯ ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳ ಜೊತೆಗೇ ಸಾಗಬೇಕು; ಆಮೇಲೆ ಘಾಟಿಯಲ್ಲಿ ಇಬ್ಬರನ್ನು ಹೊತ್ತು ಏರಬೇಕು. ಅಲ್ಲಿ 150–160 ಸಿಸಿ ಕೊಡುವ ನೆಮ್ಮದಿ ನಿಜವಾದದ್ದು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುವುದರಿಂದ, ಊಟಿಯಿಂದ ಮರಳುವವರಿಗೆ ಏದುಸಿರು ಬಿಡದ ಗಾಡಿ ಇದ್ದರೆ ಸಂಜೆಯ ಆತುರವೂ ಕಡಿಮೆ. ಟ್ಯಾಂಕಿನ ಅಳತೆಯನ್ನೂ ಇಲ್ಲೇ ನೋಡಿಬಿಡಿ: ಏರಾಕ್ಸ್‌ನದು 5.5 ಲೀಟರ್. ಲೀಟರಿಗೆ 40 ಕೊಟ್ಟರೆ 220 ಕಿಲೋಮೀಟರ್; ಊಟಿಗೆ ಹೋಗಿಬರಲು ಸಾಲದು, ನಡುವೆ ಹಾಕಿಸಲೇಬೇಕು. ಝೂಮ್ 160ರ ಟ್ಯಾಂಕ್ 7 ಲೀಟರ್.

ಬೆಟ್ಟ ಇಳಿಯುವಾಗ ಗೇರಿಲ್ಲದ ಗಾಡಿ

ಗೇರ್ ಬದಲಿಸುವ ಕೆಲಸವನ್ನು ಸ್ಕೂಟರಿನಲ್ಲಿ ಎರಡು ರಾಟೆ, ಒಂದು ಬೆಲ್ಟು ಸೇರಿ ಮಾಡುತ್ತವೆ. ಎಂಜಿನ್ ಕಡೆಯ ರಾಟೆಯೊಳಗೆ ಉರುಳುವ ಸಣ್ಣ ತೂಕಗಳಿವೆ. ಎಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಕ್ಕೆ ಸರಿದು, ರಾಟೆಯ ಎರಡು ಹೋಳನ್ನು ಹತ್ತಿರ ಒತ್ತುತ್ತವೆ. ನಡುವಿದ್ದ ಬೆಲ್ಟು ಹೊರ ಅಂಚಿಗೆ ಏರುತ್ತದೆ. ಹಿಂದಿನ ರಾಟೆಯಲ್ಲಿ ಅದೇ ಹೊತ್ತಿಗೆ ಬೆಲ್ಟು ಒಳಕ್ಕೆ ಇಳಿಯುತ್ತದೆ. ಇದರಿಂದ ಗಾಡಿ ಮೊದಲನೇ ಗೇರಿನಿಂದ ಮೇಲಿನ ಗೇರಿಗೆ ಹೋದಂತಾಗುತ್ತದೆ, ಆದರೆ ಮೆಟ್ಟಿಲಿಲ್ಲದೆ. ಹಿಂದಿನ ರಾಟೆಯ ಪಕ್ಕದಲ್ಲಿರುವ ಕ್ಲಚ್ಚೂ ತಾನಾಗಿ ಕೆಲಸ ಮಾಡುವಂಥದ್ದು. ವೇಗ ಇದ್ದಾಗ ಹಿಡಿಯುತ್ತದೆ, ವೇಗ ಇಳಿದಾಗ ಬಿಡುತ್ತದೆ.

ಬಿಡುತ್ತದೆ ಎಂಬುದನ್ನು ಗಮನಿಸಿ. ಬೈಕಿನಲ್ಲಿ ಎರಡನೇ ಗೇರಿಗೆ ಹಾಕಿ ಬೆಟ್ಟ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಸ್ಕೂಟರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ನಿಧಾನಕ್ಕೆ ಇಳಿದರೆ ಕ್ಲಚ್ ಬಿಟ್ಟು, ಗಾಡಿ ನ್ಯೂಟ್ರಲ್‌ನಲ್ಲಿದ್ದಂತೆ ಜಾರತೊಡಗುತ್ತದೆ. ತಡೆಯಲು ಉಳಿದಿರುವುದು ಬ್ರೇಕ್ ಮಾತ್ರ. ಚಾಮುಂಡಿ ಬೆಟ್ಟದಿಂದ ನಗರಕ್ಕೆ ಇಳಿಯುವುದೆಂದರೆ ಸುಮಾರು 300 ಮೀಟರ್ ಎತ್ತರ ಕಳೆದುಕೊಂಡಂತೆ. ಊಟಿ, ಮಡಿಕೇರಿಯ ಘಾಟಿಗಳು ಇನ್ನೂ ಉದ್ದ. ಅಷ್ಟು ದೂರ ಬ್ರೇಕನ್ನು ಅದುಮಿಕೊಂಡೇ ಇಳಿದರೆ ಲೈನರ್ ಕಾದು ಹಿಡಿತ ಸಡಿಲವಾಗುತ್ತದೆ. ನಡುನಡುವೆ ಆಕ್ಸಿಲರೇಟರನ್ನು ಒಂದಿಷ್ಟೇ ತಿರುವಿದರೆ ಕ್ಲಚ್ ಮತ್ತೆ ಹಿಡಿದುಕೊಂಡು ಎಂಜಿನ್ ತಡೆ ಸ್ವಲ್ಪ ಸಿಗುತ್ತದೆ. ಬ್ರೇಕನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ ಬಳಸಬೇಕು. ಹೊಗೆಯ ವಾಸನೆ ಬಂದರೆ ನಿಲ್ಲಿಸಿ ತಣಿಯಲು ಬಿಡಿ. ಎಂಜಿನ್ ಆಫ್ ಮಾಡಿ ಇಳಿಯುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಪೆಟ್ರೋಲ್ ಉಳಿಸಲು ಹೋಗಿ ಜೀವಕ್ಕೆ ಕುತ್ತು ತಂದುಕೊಳ್ಳಬೇಡಿ.

ಬ್ರೇಕಿನ ಬಗ್ಗೆ ಎರಡು ಪದ ಕೇಳಿಬರುತ್ತವೆ. ಸಿಬಿಎಸ್ ಎಂದರೆ ಒಂದು ಲಿವರ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುವ ಏರ್ಪಾಡು. ಎಬಿಎಸ್ ಎಂದರೆ ಗಾಬರಿಯಲ್ಲಿ ಗಟ್ಟಿಯಾಗಿ ಹಿಡಿದರೂ ಚಕ್ರ ಕಚ್ಚಿಕೊಂಡು ಜಾರದಂತೆ ಕ್ಷಣಕ್ಷಣಕ್ಕೂ ಸಡಿಲಿಸಿ ಬಿಗಿಮಾಡುವ ವ್ಯವಸ್ಥೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಸಿಬಿಎಸ್ ಆದರೂ ಇರಬೇಕು, ಅದಕ್ಕೆ ಮೇಲ್ಪಟ್ಟವಕ್ಕೆ ಎಬಿಎಸ್ ಕಡ್ಡಾಯ. ಏರಾಕ್ಸ್, ಝೂಮ್ 160, ಎನ್‌ಟಾರ್ಕ್ 150ರಲ್ಲಿ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇದೆ. ಆ ಹುರುಳಿ ಹುಲ್ಲು, ಮಳೆಯಲ್ಲಿ ನೆನೆದ ಕಬ್ಬಿನ ಸೋಗೆ ನೆನಪಿಸಿಕೊಂಡರೆ ದೊಡ್ಡ ಎಂಜಿನ್ನಿನ ಗಾಡಿ ಕೊಳ್ಳಲು ಶಕ್ತಿಗಿಂತ ಈ ಎಬಿಎಸ್ಸೇ ಒಳ್ಳೆಯ ಕಾರಣ.

ಅಕ್ಕಿ ಮೂಟೆ ಎಲ್ಲಿಡುವುದು?

ಏರಾಕ್ಸ್, ಝೂಮ್ 160 ಎರಡರಲ್ಲೂ ಕಾಲಿನ ನಡುವೆ ದಪ್ಪ ದಿಂಡಿನಂಥ ಭಾಗ ಎದ್ದಿರುತ್ತದೆ. ಗಾಡಿಯ ಚೌಕಟ್ಟು ಅಲ್ಲಿಂದ ಹಾದುಹೋಗುವುದರಿಂದ ಬಿಗಿ ಬರುತ್ತದೆ, ತಿರುವಿನಲ್ಲಿ ಗಾಡಿ ಅಲುಗದೆ ನಿಲ್ಲುತ್ತದೆ. ಅದೇ ಕಾರಣಕ್ಕೆ ಮಟ್ಟಸವಾದ ಫುಟ್‌ಬೋರ್ಡ್ ಇಲ್ಲ. ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಹಾಲಿನ ಕ್ಯಾನು, ಊರಿಂದ ತರುವ ತೆಂಗಿನಕಾಯಿ ಚೀಲ ಯಾವುದನ್ನೂ ಕಾಲ ಬಳಿ ಇಡಲಾಗದು. ಸೀರೆ ಉಡುವ ಅಮ್ಮನೋ ಅತ್ತೆಯೋ ಆ ಗಾಡಿ ಓಡಿಸಲಾರರು. ಕಾಲು ದಾಟಿಸಿ ಹತ್ತಬೇಕಾದ್ದರಿಂದ ಮಂಡಿ ನೋವಿನ ಹಿರಿಯರಿಗೂ ಕಷ್ಟ. ಮನೆಯಲ್ಲಿ ಇರುವುದು ಒಂದೇ ಗಾಡಿ, ಎಲ್ಲರೂ ಓಡಿಸುವವರು ಎಂದಾದರೆ ಬರ್ಗ್‌ಮನ್ ಸ್ಟ್ರೀಟ್, ಜುಪಿಟರ್ 125, ಎನ್‌ಟಾರ್ಕ್ 150ರಂಥ ಮಟ್ಟಸ ಫುಟ್‌ಬೋರ್ಡಿನ ಗಾಡಿಗಳೇ ಸರಿ. ಜುಪಿಟರ್ 125ರಲ್ಲಿ ಪೆಟ್ರೋಲ್ ಟ್ಯಾಂಕನ್ನು ಫುಟ್‌ಬೋರ್ಡಿನ ಅಡಿಗೆ ಇಟ್ಟು, ಸೀಟಿನ ಕೆಳಗೆ 33 ಲೀಟರ್ ಜಾಗ ಬಿಡಿಸಿದ್ದಾರೆ. ಪೆಟ್ರೋಲ್ ಹಾಕಿಸಲು ಇಳಿಯಬೇಕಾಗಿಲ್ಲ.

ಹಿಂದೆ ಕೂರುವವರಿಗೆ ಹಿಡಿದುಕೊಳ್ಳುವ ಹಿಡಿ, ಮಡಚುವ ಕಾಲಿಡುವ ಜಾಗ, ಸೀರೆ ಚಕ್ರಕ್ಕೆ ಸಿಕ್ಕದಂತೆ ಗಾರ್ಡ್ ಇದೆಯೇ ನೋಡಿ. ಒಂದೇ ಬದಿಗೆ ಕಾಲು ಹಾಕಿ ಕೂರುವ ಅಭ್ಯಾಸ ಇರುವವರಿಗೆ ಹಿಂಭಾಗ ಎತ್ತರವಾಗಿ, ಮೆಟ್ಟಿಲಿನಂತಿರುವ ಸೀಟು ಸರಿಹೋಗುವುದಿಲ್ಲ.

ಎಲೆಕ್ಟ್ರಿಕ್ ಆದರೆ?

ಟಿವಿಎಸ್ ಐಕ್ಯೂಬ್, 2024ರ ಏಥರ್ ರಿಜ್ಟಾ ಇವೆಲ್ಲ ಉದ್ದ ಸೀಟು, ಮಟ್ಟಸ ಫುಟ್‌ಬೋರ್ಡಿನ ಗಾಡಿಗಳು. ರಿಜ್ಟಾದ ಸೀಟಿನ ಕೆಳಗೆ 34 ಲೀಟರ್ ಜಾಗವಿದೆ. ಸದ್ದು, ನಡುಕ ಇಲ್ಲದಿರುವುದೇ ದೊಡ್ಡ ಆರಾಮ. ಐಕ್ಯೂಬ್‌ನಲ್ಲಿ ಮೋಟಾರ್ ಹಿಂದಿನ ಚಕ್ರದೊಳಗೇ ಇರುವುದರಿಂದ, ಪೆಟ್ರೋಲ್ ಸ್ಕೂಟರಿನಂತೆ ಇಲ್ಲೂ ಚಕ್ರದ ಕಡೆ ಭಾರ ಉಳಿಯುತ್ತದೆ.

ಕಂಪನಿ ಹೇಳುವ ದೂರವನ್ನು ಪರೀಕ್ಷೆಯ ನಿಯಮದಂತೆ ಅಳೆದಿರುತ್ತಾರೆ. ಇಬ್ಬರು ಕೂತು ವೇಗ ಹೆಚ್ಚಿಸಿದರೆ ಮೇಲೆ ಹೇಳಿದ ಗಾಳಿಯ ಲೆಕ್ಕವೇ ಬ್ಯಾಟರಿಯನ್ನೂ ತಿನ್ನುತ್ತದೆ. ದಿನಕ್ಕೆ 90 ಕಿಲೋಮೀಟರ್ ಓಡಿಸುವವರು ದೊಡ್ಡ ಬ್ಯಾಟರಿಯ ಮಾದರಿಯನ್ನೇ ನೋಡಬೇಕು, ಮಂಡ್ಯದ ಕಚೇರಿಯಲ್ಲಿ ಪ್ಲಗ್ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಂಡಿರಬೇಕು.

ದುಡ್ಡು, ಲೈಸೆನ್ಸ್, ಬೆಲ್ಟು

ಗೇರಿಲ್ಲದ ದ್ವಿಚಕ್ರ ವಾಹನದ ಲೈಸೆನ್ಸ್ ಇರುವವರು 160 ಸಿಸಿ ಸ್ಕೂಟರನ್ನೂ ಓಡಿಸಬಹುದು. ಬೇರೆ ಲೈಸೆನ್ಸ್ ಬೇಕಿಲ್ಲ.

ವಿಮೆಯಲ್ಲಿ ಒಂದು ಗೆರೆ ಇದೆ. ಥರ್ಡ್ ಪಾರ್ಟಿ ವಿಮೆಗೆ 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿವರೆಗಿನ ಗಾಡಿಗೆ ವರ್ಷಕ್ಕೆ 714 ರೂಪಾಯಿ, 150 ದಾಟಿ 350ರವರೆಗೆ 1,366 ರೂಪಾಯಿ. ಹೊಸ ಗಾಡಿಗೆ ಐದು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕಾದ್ದರಿಂದ ವ್ಯತ್ಯಾಸ ಮೂರು ಸಾವಿರ ದಾಟುತ್ತದೆ. ಎನ್‌ಟಾರ್ಕ್ 150ರ ಎಂಜಿನ್ 149.7 ಸಿಸಿ, ಗೆರೆಯ ಈಚೆಗೇ ನಿಂತಿದೆ. ಆರ್‌ಟಿಒಗೆ ಕಟ್ಟುವ ಜೀವಿತಾವಧಿ ತೆರಿಗೆಯ ದರವೂ ಗಾಡಿಯ ಬೆಲೆ ಏರಿದಂತೆ ಏರುತ್ತದೆ. ಹಾಗಾಗಿ ಜಾಹೀರಾತಿನ ಬೆಲೆ ಬಿಟ್ಟು ‘ಆನ್ ರೋಡ್ ಎಷ್ಟು’ ಎಂದೇ ಕೇಳಿ, ಒಂದೊಂದು ಬಾಬ್ತನ್ನೂ ಬರೆಸಿಕೊಳ್ಳಿ.

ಮೇಲೆ ಹೇಳಿದ ಬೆಲ್ಟು ಸವೆಯುತ್ತದೆ. ಹಲವು ಗಾಡಿಗಳಲ್ಲಿ 20ರಿಂದ 25 ಸಾವಿರ ಕಿಲೋಮೀಟರಿಗೆ ಬದಲಿಸಬೇಕು. ದಿನಕ್ಕೆ 90ರಂತೆ ತಿಂಗಳಲ್ಲಿ 25 ದಿನ ಓಡಿಸಿದರೆ 2,250 ಕಿಲೋಮೀಟರ್. ವರ್ಷಕ್ಕೊಮ್ಮೆ ಬೆಲ್ಟು ಬಂತು ಎಂದೇ ಲೆಕ್ಕ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೆಲ್ಟು ಯಾವಾಗ ಬದಲಾಯಿತು ಎಂಬ ಬಿಲ್ಲನ್ನು ಕೇಳಿ ಪಡೆಯಬೇಕು. ಹಳೆಯ ಬೆಲ್ಟು ನಡುದಾರಿಯಲ್ಲಿ ತುಂಡಾದರೆ ಗಾಡಿ ಅಲ್ಲೇ ನಿಲ್ಲುತ್ತದೆ, ಮೂಲೆಮನೆಯ ಮೆಕ್ಯಾನಿಕ್ ಕೂಡ ಏನೂ ಮಾಡಲಾರ.

ಬಿಡಿಭಾಗದ ಮಾತು ಬಂದಾಗ ಊರು ಮುಖ್ಯವಾಗುತ್ತದೆ. ಟಿವಿಎಸ್‌ನ ಕಾರ್ಖಾನೆ ನಂಜನಗೂಡು ರಸ್ತೆಯ ಕಡಕೊಳದ ಬಳಿಯೇ ಇದೆ. ಹೋಂಡಾ, ಟಿವಿಎಸ್ ಸ್ಕೂಟರ್‌ಗಳನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತಾರೆ. ನೀರಿನಿಂದ ತಂಪಾಗುವ ಎಂಜಿನ್ನಿಗೆ, 14 ಇಂಚಿನ ಟೈರಿಗೆ ಮೈಸೂರಿಗೇ ಬರಬೇಕಾಗಬಹುದು. ಕೆ.ಆರ್. ಪೇಟೆ, ಮಳವಳ್ಳಿಯಲ್ಲಿರುವವರು ಹತ್ತಿರದ ಸರ್ವಿಸ್ ಸೆಂಟರ್ ಎಷ್ಟು ದೂರ ಎಂದು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಲಿ.

ಷೋರೂಂಗೆ ಹೋದಾಗ

ಟೆಸ್ಟ್ ರೈಡ್ ಎಂದರೆ ಷೋರೂಂ ಸುತ್ತ ಒಂದು ಸುತ್ತು ಎಂದು ಮುಗಿಸಿಬಿಡುತ್ತಾರೆ. ಅರ್ಧ ಗಂಟೆ ಬೇಕೆಂದು ಒತ್ತಾಯ ಮಾಡಿ, ಬೇಕಿದ್ದರೆ ಅವರ ಹುಡುಗನೂ ಇನ್ನೊಂದು ಗಾಡಿಯಲ್ಲಿ ಜೊತೆಗೆ ಬರಲಿ. ಹಿಂದೆ ದಿನವೂ ಯಾರು ಕೂರುತ್ತಾರೋ ಅವರನ್ನೇ ಕೂರಿಸಿಕೊಳ್ಳಿ. ರಿಂಗ್ ರಸ್ತೆಯ ನುಣುಪು ಬಿಟ್ಟು, ನೀವು ದಿನವೂ ಬೈದುಕೊಂಡು ದಾಟುವ ಹಂಪು, ಗುಂಡಿಗಳ ಮೇಲೇ ಓಡಿಸಿ. ಮೊದಲು ನಿಮ್ಮ ಈಗಿನ ಗಾಡಿಯಲ್ಲಿ, ಆಮೇಲೆ ಹೊಸದರಲ್ಲಿ, ಅದೇ ವೇಗದಲ್ಲಿ. ಗಾಜು ಎತ್ತರವಿರುವ ಗಾಡಿಯಾದರೆ 60ರಲ್ಲಿ ಹೆಲ್ಮೆಟ್ ಹಾಕಿ ನೋಡಿ: ಕೆಲವು ಗಾಜುಗಳು ಎದೆಗೆ ಬರುವ ಗಾಳಿ ತಡೆದು ಅದನ್ನೆಲ್ಲ ಹೆಲ್ಮೆಟ್ಟಿಗೆ ಹೊಡೆಸುತ್ತವೆ, ಕಿವಿ ಗುಂಯ್‌ಗುಡುತ್ತದೆ. ಸೀಟಿನ ಕೆಳಗೆ ನಿಮ್ಮ ಹೆಲ್ಮೆಟ್ಟೇ ಹಿಡಿಯುತ್ತದೆಯೇ, ಲೀಟರಿನ ಅಂಕಿ ನಂಬದೆ, ಇಟ್ಟು ಮುಚ್ಚಿ ನೋಡಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ನೀವೇ ಏರಿಸಿ, ಮನೆಯಲ್ಲಿ ಓಡಿಸುವ ಇನ್ನೊಬ್ಬರಿಂದಲೂ ಏರಿಸಿ. ಮರಳಿ ಬಂದ ಮೇಲೆ ಗಾಡಿ ಹೇಗಿತ್ತು ಎಂದು ಹಿಂದೆ ಕೂತವರನ್ನು ಮೊದಲು ಕೇಳಿ, ಆಮೇಲೆ ಬೆಲೆಯ ಮಾತಿಗೆ ಕೂರಿ.